ನಲಿನಿ ಮೀಟಿಂಗಿಗೆ ಹೋದ ಸಂಜೆ

ತಾನು ಕುಡಿಯುವುದು ಕೂಕಟ್‌ಪಲ್ಲಿಯ ತಮ್ಮ ಫ್ಲ್ಯಾಟಿನಲ್ಲಿ ಯಾರಿಗೂ ಗೊತ್ತಿಲ್ಲವೆಂದೇ ನಲಿನಿ ನಂಬಿದ್ದಳು. ಎರಡೂ ಹೊತ್ತು ಲಿಂಗಪೂಜೆ ನಡೆಯುವ ಕಲಬುರಗಿ ಕಡೆಯ ಮನೆತನ ಅದು. ಗಂಡ ಅರವಿಂದ್ ಸರ್ಕಾರಿ ನೌಕರ, ಅವಳು ರಕ್ಷಣಾ ಕಾರ್ಖಾನೆಯೊಂದರ ಡ್ರಾಯಿಂಗ್ ವಿಭಾಗದಲ್ಲಿದ್ದಳು. ಆಫೀಸಿನ ಕೆಲಸಕ್ಕೆ ಪುಣೆಗೆ ಹೋಗಿ ನಿದ್ದೆ ಬಾರದೆ ಒದ್ದಾಡುತ್ತಿದ್ದಾಗ ಜೊತೆಯವಳು ಕೊಟ್ಟ ಒಂದು ಗ್ಲಾಸಿನಿಂದ ಶುರುವಾದದ್ದು, ನೀರಿನ ಬಾಟಲಿಗೆ ವೋಡ್ಕಾ ತುಂಬಿ ಬ್ಯಾಗಿನಲ್ಲಿಟ್ಟುಕೊಳ್ಳುವವರೆಗೆ ಬಂದಿತ್ತು.

ಅತ್ತೆ ಪಾರ್ವತಿಬಾಯಿಗೆ ಇನ್ಸುಲಿನ್ ಚುಚ್ಚುವುದು ನಲಿನಿಯ ಕೆಲಸ. ಒಂದು ಭಾನುವಾರ, ಆಗಲೇ ಚುಚ್ಚಿದ್ದನ್ನು ಮರೆತು ಮತ್ತೊಮ್ಮೆ ಚುಚ್ಚಿದಳು. ಸ್ವಲ್ಪ ಹೊತ್ತಿಗೆ ಅತ್ತೆ ಬೆವರಿ, ಮಾತು ತೊದಲಿ, ಪ್ರಜ್ಞೆ ತಪ್ಪಿದರು. ಆಸ್ಪತ್ರೆಗೆ ಒಯ್ದದ್ದಕ್ಕೆ ಜೀವ ಉಳಿಯಿತು. ತಿಂಡಿ ಸರಿಯಾಗಿ ತಿಂದಿರಲಿಕ್ಕಿಲ್ಲ ಎಂದರು ಡಾಕ್ಟರು. ಅರವಿಂದ್ ತಾಯಿಗೇ ಬೈದ. ಎರಡು ಸಲ ಚುಚ್ಚಿದ್ದನ್ನು ನಲಿನಿ ಮುಚ್ಚಿಟ್ಟಳು.

ಮರುದಿನ ಅವನು ಔಷಧಿ ತರಲು ಹೋದಾಗ ಪಾರ್ವತಿಬಾಯಿ ಸೊಸೆಯನ್ನು ಹತ್ತಿರ ಕರೆದರು.

“ಎರಡನೇ ಸಲ ಚುಚ್ಚಾಕ ಬಂದಾಗ ಬ್ಯಾಡ ಅಂದೆ. ನಿನಗ ಕೇಳಸ್ಲಿಲ್ಲ. ನಿನ್ನ ಬಾಯಿ ವಾಸನಿ ನನಗ ಭಾಳ ದಿನದಿಂದ ಗೊತ್ತೈತಿ.”

ನಲಿನಿ ಅವರ ಕಾಲು ಹಿಡಿದಳು.

“ಅರವಿಂದಗ ನಾ ಹೇಳಂಗಿಲ್ಲ, ಅದು ನೀನ ಹೇಳಬೇಕು. ಆದ್ರ ಇನ್ನ ಮ್ಯಾಲ ನಿನ್ನ ಕೈಲೆ ಸೂಜಿ ಚುಚ್ಚಿಸ್ಕೊಳ್ಳಂಗಿಲ್ಲ.”

ಆಸ್ಪತ್ರೆಯ ಗೋಡೆಯ ಮೇಲೆ, ಕುಡಿತ ಬಿಡಬೇಕೆನ್ನುವವರ ಮೀಟಿಂಗ್ ಮೆಹದಿಪಟ್ಟಣಂನ ಶಾಲೆಯೊಂದರಲ್ಲಿ ನಡೆಯುತ್ತದೆಂಬ ಚೀಟಿ ಅಂಟಿಸಿದ್ದರು. ಅದರಲ್ಲಿದ್ದ ನಂಬರನ್ನು ನಲಿನಿ ಮೊಬೈಲಿನಲ್ಲಿ ಉಳಿಸಿಕೊಂಡಳು. ಆದರೂ ಮೊದಲು ತಾನೇ ಬಿಡಲು ನೋಡಿದಳು. ಎರಡನೇ ದಿನಕ್ಕೆ ಕೈ ಎಷ್ಟು ನಡುಗಿತೆಂದರೆ ಆಫೀಸಿನಲ್ಲಿ ಒಂದು ಗೆರೆ ಎಳೆಯಲಾಗಲಿಲ್ಲ. ಮತ್ತೆ ಕುಡಿದಳು.

ಕೊನೆಗೆ ಒಂದು ಸಂಜೆ, ಕೆಲಸ ತಡವಾಗುತ್ತದೆಂದು ಗಂಡನಿಗೆ ಸುಳ್ಳು ಹೇಳಿ ಮೆಹದಿಪಟ್ಟಣಂ ಬಸ್ಸು ಹತ್ತಿದಳು. ಶಾಲೆಯ ಗೇಟಿಗೆ ಬೀಗ ಬಿದ್ದಿತ್ತು. ಏನು ಬೇಕೆಂದು ವಾಚ್‌ಮನ್ ತೆಲುಗಿನಲ್ಲಿ ಕೇಳಿದ. ಬಾಯಿಗೆ ಬಂದದ್ದು ಮಗುವಿನ ಅಡ್ಮಿಷನ್. ಅದೆಲ್ಲ ಮುಗಿಯಿತು ಎಂದು ಅವನು ಒಳಗೆ ಹೋದ. ಗೋಡೆಯ ಪಕ್ಕ ಬೈಕುಗಳ ಮೇಲೆ ಕೂತಿದ್ದವರು ಅವಳನ್ನೇ ನೋಡುತ್ತಿದ್ದರು.

ಅವಳು ಬಸ್ ಸ್ಟಾಪಿನ ಹಿಂದೆ ಸರಿದು ಬಾಟಲಿಯ ಮುಚ್ಚಳ ತೆಗೆದಳು. ಇನ್ನೊಂದು ಕೈಯಿಂದ ಆ ನಂಬರಿಗೆ ಫೋನ್ ಮಾಡಿದಳು. ಎತ್ತಿದ್ದು ಹೆಂಗಸು. ಶಾಲೆಗೆ ಬೀಗ ಬಿದ್ದಿದೆ, ಬಸ್ ಸ್ಟಾಪಿನ ಹಿಂದೆ ನಿಂತಿದ್ದೇನೆ ಎಂದಷ್ಟೇ ಹೇಳಿದಳು ನಲಿನಿ. ಕೈಯಲ್ಲಿ ಬಾಟಲಿ ಇದೆಯಾ ಎಂದು ಆಕೆ ಹಿಂದಿಯಲ್ಲಿ ಕೇಳಿದಳು. ಇದೆ ಎಂದಳು ನಲಿನಿ. ಚೆಲ್ಲು ಎಂದು ಆಕೆ ಹೇಳಲಿಲ್ಲ. ತನ್ನ ಹೆಸರು ಗಂಗಾ, ಮೀಟಿಂಗ್ ಈಗ ಶಾಲೆಯ ಹಿಂದಿನ ಗಲ್ಲಿಗೆ ಬದಲಾಗಿದೆ, ತಾನೇ ಬಂದು ಕರೆದುಕೊಂಡು ಹೋಗುತ್ತೇನೆ, ಅಲ್ಲಿಯವರೆಗೆ ಫೋನ್ ಕಟ್ ಮಾಡಬೇಡ ಎಂದಳು.

ಅಷ್ಟರಲ್ಲಿ ಅರವಿಂದನ ಕರೆ ಬರತೊಡಗಿತು. ಎದುರಿಗೆ ಕೂಕಟ್‌ಪಲ್ಲಿ ಬಸ್ಸು ಬಂದು ನಿಂತಿತು. ಹತ್ತಿಬಿಟ್ಟರೆ ಯಾರಿಗೂ ಏನೂ ಗೊತ್ತಾಗುವಂತಿರಲಿಲ್ಲ. ಕಿವಿಯಲ್ಲಿ ಗಂಗಾ ಏದುಸಿರು ಬಿಡುತ್ತ ಮೆಟ್ಟಿಲಿಳಿಯುವ ಸದ್ದು. ಕಂಡಕ್ಟರ್ ಕೂಗಿದ. ನಲಿನಿ ಬಾಟಲಿ ಎತ್ತಿ ಒಂದು ಗುಟುಕು ಕುಡಿದಳು. ಬಸ್ಸು ಹೊರಟುಹೋಯಿತು.

ಗಂಗಾ ಬಂದಾಗ ನಲಿನಿ ಬಾಯಿಗೆ ಸೆರಗು ಹಿಡಿದು ನಿಂತಿದ್ದಳು. ಈಗಷ್ಟೇ ಕುಡಿದೆ, ಇನ್ನು ಬರಲಾರೆ ಎಂದಳು. ಕುಡಿದವರೂ ಕೂತು ಕೇಳಬಹುದು ಎಂದು ಗಂಗಾ ಅವಳ ಮೊಣಕೈ ಹಿಡಿದು ನಡೆಸಿದಳು.

ಕೋಣೆಯ ತುಂಬ ಗಂಡಸರೇ. ನಲಿನಿ ಬಾಗಿಲ ಬಳಿಯೇ ಕೂತಳು. ಒಬ್ಬ ಆಟೋದವನು ಮಗಳ ಮದುವೆಯಲ್ಲಿ ತಾನು ಬಿದ್ದದ್ದನ್ನು ಹೇಳುತ್ತಿದ್ದ, ಯಾರೂ ನಗಲಿಲ್ಲ. ತನ್ನ ಸರದಿ ಬಂದಾಗ ಅವಳು ಹೆಸರು ಹೇಳಿದಳು. ಹಿಂದಿ ಅಲ್ಲಿಗೇ ನಿಂತುಹೋಯಿತು. ಉಳಿದದ್ದು ಕನ್ನಡದಲ್ಲಿ ಬಂತು.

“ನಮ್ಮತ್ತಿ ಸಾಯ್ತಿದ್ರು. ನಾನ ಕೊಲ್ತಿದ್ದೆ.”

ಅವರಿಗೆ ತಿಳಿಯಿತೋ ಇಲ್ಲವೋ. ಅವಳ ಅಳು ನಿಲ್ಲುವವರೆಗೆ ಎಲ್ಲರೂ ಕಾದರು.

ಒಮ್ಮೆಲೇ ಬಿಟ್ಟರೆ ಜೀವಕ್ಕೆ ಅಪಾಯವೆಂದು ಗಂಗಾ ಮರುದಿನ ಅವಳನ್ನು ಡಾಕ್ಟರ ಬಳಿ ಕರೆದೊಯ್ದಳು. ಅದಕ್ಕೂ ಮುಂಚೆ, ಬೆಳಗಿನ ಚಹಾದ ಹೊತ್ತಿಗೆ, ನಲಿನಿ ಗಂಡನಿಗೆ ಎಲ್ಲವನ್ನೂ ಹೇಳಿದ್ದಳು. ಅರವಿಂದ್ ಕಪ್ಪು ಕೆಳಗಿಟ್ಟು ಎದ್ದುಹೋದ. ಎಷ್ಟೋ ದಿನ ಮಾತಾಡಲಿಲ್ಲ. ಸೂಜಿ ಚುಚ್ಚುವುದನ್ನು ತಾನೇ ಕಲಿತುಕೊಂಡ. ಯುಗಾದಿಯ ಹೊತ್ತಿಗೆ ನಲಿನಿ ಒಮ್ಮೆ ಜಾರಿ ಮತ್ತೆ ಕುಡಿದಳು. ಮರುದಿನವೇ ಹೋಗಿ ಮೀಟಿಂಗಿನ ಕೋಣೆಯಲ್ಲಿ ಅದನ್ನೂ ಹೇಳಿದಳು. ಆಮೇಲೆ ಕುಡಿದಿಲ್ಲ.

ಮಳೆಗಾಲ ಶುರುವಾದ ಮೇಲೆ ಒಂದು ಸಂಜೆ ಅವಳು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ, ಪೇಪರ್‌ನಿಂದ ತಲೆಯೆತ್ತದೆ ಅರವಿಂದ್ ಕೇಳಿದ: “ಮೀಟಿಂಗ್ ಎಷ್ಟೊತ್ತಿಗೆ ಮುಗೀತೈತಿ? ಕರ್ಕೊಂಡು ಬರಾಕ ಬರ್ತೀನಿ.”