ಗಾಡಿ ನಿಂತಲ್ಲಿ ಕುರ್ಚಿ ಹಾಕುವ ಸೀಟಿಯಣ್ಣ

ಬೆಳಕು ಬೀದಿಗೆ ಇನ್ನೂ ಪೂರ್ತಿಯಾಗಿ ಇಳಿದಿಲ್ಲ. ಮುಚ್ಚಿದ ಅಂಗಡಿಗಳ ಸಾಲಿನಲ್ಲಿ ಮೂಲೆಯ ಹೋಟೆಲಿನ ಬಾಗಿಲೊಂದೇ ಅರೆ ತೆರೆದಿದೆ. ಅರುವತ್ತರ ಆಸುಪಾಸಿನ ಒಬ್ಬರು ಮಡಚಿದ ಮೇಜನ್ನು ಬಗಲಿಗೆ ಅವುಚಿಕೊಂಡು ಹೊರಬರುತ್ತಾರೆ. ಫುಟ್‌ಪಾತ್ ದಾಟಿ, ರಸ್ತೆಯಂಚಿಗೆ ಹಾಸಿದ ಮರದ ಹಲಗೆಯ ಮೇಲೆ ಅದನ್ನು ನಿಲ್ಲಿಸಿ, ಅಂಗೈಯಿಂದ ಒತ್ತಿ ನೋಡುತ್ತಾರೆ. ಮೇಜು ಅಲುಗಿದರೆ ಜೇಬಿನಿಂದ ಮರದ ಚಕ್ಕೆಯೊಂದು ಹೊರಬಂದು ಅದರ ಕಾಲಿನಡಿ ಸೇರುತ್ತದೆ.

‘ರಸ್ತೆ ಅಂದ್ಮೇಲೆ ಚರಂಡಿ ಕಡೆ ವಾಲಿರ್ಲೇಬೇಕು ಸಾರ್, ನೀರು ಹೋಗ್ಬೇಕಲ್ಲ. ಆದ್ರೆ ಲೋಟದಲ್ಲಿರೋ ಚಹಾ ಹೋಗ್ಬಾರ್ದು’ ಎನ್ನುತ್ತಾರೆ, ಬಗ್ಗಿದ ಬೆನ್ನನ್ನು ನೆಟ್ಟಗೆ ಮಾಡದೆ.

ಇವರಿಗೆ ಬೀದಿ ಇಟ್ಟಿರುವ ಹೆಸರು ಸೀಟಿಯಣ್ಣ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಇದೇ ಬೀದಿಯಲ್ಲಿ ಕೊರಳಿಗೆ ಸೀಟಿ ಕಟ್ಟಿಕೊಂಡು ಕಾರು ನಿಲ್ಲಿಸುವವರಿಗೆ ಜಾಗ ತೋರಿಸಿ, ಚೀಟಿ ಹರಿದು ಕೊಟ್ಟವರು. ಈಗ ಅದೇ ಜಾಗದಲ್ಲಿ ಕುರ್ಚಿ ಹಾಕುವುದು ಇವರ ವೃತ್ತಿ. ಹೋಟೆಲಿನ ಮುಂದಿರುವುದು ಮೂರು ಕಾರುಗಳಷ್ಟು ಅಗಲದ ಸ್ಥಳ. ಅನುಮತಿ ಪಡೆದ ಹೋಟೆಲಿನವರು ಪಾರ್ಕಿಂಗ್ ಜಾಗದಲ್ಲಿ ಮೇಜು ಹಾಕಬಹುದೆಂದು ನಗರಸಭೆ ನಿಯಮ ತಂದ ಮೇಲೆ ಆ ಮೂರೂ ಜಾಗಗಳಿಗೆ ಮೇಜು ಬಂದವು. ಬಿಳಿಗೆರೆಯನ್ನು ಕುರ್ಚಿಯ ಕಾಲು ದಾಟಕೂಡದು. ಕೊಡೆಯ ಅಂಚು ರಸ್ತೆಯ ಕಡೆ ಚಾಚಕೂಡದು. ಚರಂಡಿಯ ಬಾಯಿ ಮುಚ್ಚಕೂಡದು. ಗಾಲಿಕುರ್ಚಿಯವರು ನಿರಾಯಾಸವಾಗಿ ಹತ್ತುವಂತಿರಬೇಕು. ಕತ್ತಲಾದ ಮೇಲೆ ಎಲ್ಲವೂ ಒಳಗೆ ಸೇರಬೇಕು. ಇವನ್ನೆಲ್ಲ ನೋಡಿಕೊಳ್ಳಲು ಹೊಣೆಯರಿತ ಒಬ್ಬರಿರಬೇಕು. ಬೀದಿಯಲ್ಲಿ ಊಟ ಮಾಡುವವರು ಅಡುಗೆಯವರನ್ನು ಹೊಗಳುತ್ತಾರೆ, ಬಡಿಸುವವರನ್ನು ನೆನೆಯುತ್ತಾರೆ. ತಾವು ಕೂತ ನೆಲವನ್ನು ಸಮ ಮಾಡಿದವರನ್ನು ಕೇಳುವವರಿಲ್ಲ.

ಇವತ್ತು ಎರಡು ಜಾಗಗಳಲ್ಲಿ ಮಾತ್ರ ಮೇಜು ಕಾಣುತ್ತವೆ. ಮೂರನೆಯದು ಬರಿದಾಗಿದೆ, ಅಲ್ಲಿದ್ದ ಹಲಗೆಯನ್ನೂ ಸೀಟಿಯಣ್ಣ ಮೊನ್ನೆ ತಾವೇ ಕಿತ್ತಿದ್ದಾರೆ. ಇನ್ನು ಸ್ವಲ್ಪ ಹೊತ್ತಿಗೆ ನಗರಸಭೆಯ ಅಧಿಕಾರಿ ಬಂದು, ಈ ಮೇಜುಗಳು ಮುಂದಿನ ವರ್ಷವೂ ಇರಬೇಕೋ ಏಳಬೇಕೋ ಎಂದು ತೀರ್ಮಾನಿಸುವವರಿದ್ದಾರೆ. ಮೇಜು ಎದ್ದರೆ ಕಾರುಗಳು ಮರಳುತ್ತವೆ, ಸೀಟಿಯಣ್ಣ ಮರಳುವಂತಿಲ್ಲ. ಚೀಟಿ ಹರಿಯುವ ಕೆಲಸವನ್ನು ಕಂಬದ ಮೇಲಿನ ಯಂತ್ರವೊಂದು ಎಂದೋ ವಹಿಸಿಕೊಂಡಿದೆ.

ಆ ಯಂತ್ರ ಬಂದ ವರ್ಷವನ್ನು ಇವರು ಹೆಚ್ಚು ವಿಸ್ತರಿಸಿ ಹೇಳುವುದಿಲ್ಲ. ಮನೆಯಾಕೆ ಹೊಲಿಗೆ ಬಲ್ಲವರು. ಆ ವರ್ಷವೆಲ್ಲ ಆಕೆಯ ಸೂಜಿಯೇ ಮನೆಯನ್ನು ಹೊಲಿದು ಹಿಡಿದಿತ್ತು. ‘ಅವಳು ಒಂದು ದಿನಾನೂ ಆಡಿಕೊಳ್ಳಲಿಲ್ಲ. ನಾನೇ ಮನೇಲಿ ಅಡ್ಡಾಡ್ತಾ ಕಾಲಿಗೆ ಸಿಗ್ತಿದ್ದೆ. ಗುಂಡಿ ಹೊಲಿಯೋಕೆ ಕೂರಿಸಿದ್ಲು, ಎಡಗಡೆದನ್ನ ಬಲಗಡೆ ಹೊಲ್ದೆ. ಕೈ ಮುಗಿದು ಎಬ್ಬಿಸಿದ್ಲು’ ಎಂದು ನಗುತ್ತಾರೆ. ಕೊನೆಗೆ ಕರೆದು ಕೆಲಸ ಕೊಟ್ಟವರು ಹೋಟೆಲಿನ ಒಡತಿ. ವಯಸ್ಸಿನಲ್ಲಿ ಇವರಿಗಿಂತ ಚಿಕ್ಕವರಾದರೂ ಬೀದಿಗೆಲ್ಲ ಅಕ್ಕ.

ಹೊಸ ಕೆಲಸಕ್ಕೆ ಕೈ ಒಗ್ಗಿದರೂ ನಾಲಿಗೆ ಒಗ್ಗಲು ದಿನ ಹಿಡಿಯಿತು. ಯಾರಾದರೂ ಕುರ್ಚಿ ಎಳೆದರೆ ಸಾಕು, ಅಭ್ಯಾಸಬಲದಿಂದ ‘ಬನ್ನಿ, ಹಿಂದೆ ಬನ್ನಿ, ಇನ್ನೂ ಸ್ವಲ್ಪ, ಸಾಕು!’ ಎಂದು ಮೇಜನ್ನು ಪಟ್ಟನೆ ತಟ್ಟಿಬಿಡುತ್ತಿದ್ದರು. ಒಮ್ಮೆ ಗಂಭೀರ ಮುಖದ ಗಿರಾಕಿಯೊಬ್ಬರು ಬೆಚ್ಚಿಬಿದ್ದು, ‘ನಾನೇನು ಲಾರಿನಾ?’ ಎಂದು ಕೇಳಿದ್ದುಂಟು.

ನಿಜವಾದ ಲಾರಿಯ ವಿಷಯದಲ್ಲಿ ನಡೆದದ್ದು ಮಾತ್ರ ನಗುವಂಥದ್ದಲ್ಲ. ಹೋಟೆಲಿನ ಪಕ್ಕದ್ದೇ ಕಬ್ಬಿಣದಂಗಡಿ. ಹಿಂದಿನ ತಿಂಗಳು ಒಂದು ಮುಂಜಾನೆ ಪೈಪು ತುಂಬಿಕೊಳ್ಳಲು ಬಂದ ಲಾರಿಯೊಂದು ಮೂರನೆಯ ಜಾಗದ ಹೂಕುಂಡಕ್ಕೆ ಒತ್ತಿ ನಿಲ್ಲಲು ನೋಡಿತು. ನಿಯಮಪಾಲನೆಯ ಭರದಲ್ಲಿ ಸೀಟಿಯಣ್ಣ ಸೀಟಿ ಊದಿ ಅದನ್ನು ಹೊರಡಿಸಿದರು. ಲಾರಿ ಸುತ್ತು ಹಾಕಿ ಬರಲಿಲ್ಲ. ಬೇರೆ ಬೀದಿಯ ಬೇರೆ ಅಂಗಡಿಗೆ ಹೋಯಿತು. ಅಂಗಡಿಯ ಸಾಹುಕಾರರು ಅಂದೇ ನಗರಸಭೆಗೆ ತಕರಾರು ಕೊಟ್ಟರು. ಅಕ್ಕಪಕ್ಕದ ಅಂಗಡಿಯವರ ಒಪ್ಪಿಗೆ ಇಲ್ಲದೆ ಅನುಮತಿ ಮುಂದುವರಿಯದು.

‘ಜೀವಮಾನವೆಲ್ಲ ಬಂದ ಗಾಡೀನ ನಿಲ್ಲಿಸಿದೋನು ನಾನು. ಓಡಿಸಿದ್ದು ಅದೊಂದೇ. ಅದೇ ಕುತ್ತಿಗೆಗೆ ಬಂತು’ ಎನ್ನುವಾಗ ಇವರ ದನಿ ತಗ್ಗುತ್ತದೆ.

ತಕರಾರಿನ ಸುದ್ದಿ ತಿಳಿದ ಮರುದಿನ ಸೀಟಿಯಣ್ಣ ಯಾರನ್ನೂ ಜೊತೆಗೆ ಕರೆಯದೆ ಕಬ್ಬಿಣದಂಗಡಿಯ ಮೆಟ್ಟಿಲು ಹತ್ತಿದರು. ಸಾಹುಕಾರರು ಮೊಳೆ ತೂಗುತ್ತಿದ್ದರು.

‘ಏನಯ್ಯಾ, ನನ್ನ ಅಂಗಡಿ ಒಳಗೂ ಸೀಟಿ ಊದೋಕೆ ಬಂದ್ಯಾ?’

‘ಇಲ್ಲ ಸಾಹುಕಾರ್ರೇ. ತಪ್ಪಾಯ್ತು ಅನ್ನೋಕೆ ಬಂದೆ.’

‘ತಪ್ಪಾಯ್ತು ಅಂದ್ರೆ ಹೋದ ಲಾರಿ ವಾಪಸ್ ಬರುತ್ತಾ? ಕುರ್ಚಿ ಕಾದು ಕಾದು ನಿನಗೂ ತಲೆ ತಿರುಗಿತು ನೋಡು.’

‘ನಿಮ್ಮ ಮಾಲು ತುಂಬೋದು, ಇಳಿಸೋದು ಎಲ್ಲಾ ಬೆಳಿಗ್ಗೆ ಹತ್ತರೊಳಗೇ ಅಲ್ವಾ? ಅಷ್ಟು ಹೊತ್ತು ಮೂರನೇ ಜಾಗದಲ್ಲಿ ಕುರ್ಚಿ ಹಾಕಲ್ಲ. ಲಾರಿ ನಾನೇ ನಿಲ್ಲಿಸಿ ಕೊಡ್ತೀನಿ.’

‘ನಿಮ್ಮಕ್ಕ ಒಪ್ಪಬೇಕಲ್ಲ?’

‘ಮೊದ್ಲು ನೀವು ಯೋಚನೆ ಮಾಡಿ. ಅಲ್ಲಿ ಬೈಸ್ಕೊಳ್ಳೋ ಕೆಲಸ ನಂದು.’

ಬೈಗುಳಕ್ಕೆ ಕೊರತೆಯಾಗಲಿಲ್ಲ. ಬೆಳಗಿನ ಎಳೆಬಿಸಿಲು ಮೊದಲು ಬೀಳುವುದೇ ಆ ಮೂರನೆಯ ಜಾಗಕ್ಕೆ. ಅಲ್ಲಿ ಕೂರುವುದಕ್ಕೆಂದೇ ಬರುವ ಹಿರಿಯರಿದ್ದಾರೆ. ‘ದಾನ ಮಾಡೋಕೆ ನನ್ನ ಬಿಸಿಲೇ ಸಿಕ್ತಾ ಅಣ್ಣಾ ನಿನಗೆ?’ ಎಂದು ಅಕ್ಕ ಸಿಡಿದರು. ‘ಒಂದು ಜಾಗ ಬೆಳಿಗ್ಗೆ ಬಿಟ್ರೆ ಮೂರೂ ಉಳಿಯುತ್ತೆ ಅಕ್ಕಾ. ಬಿಡದಿದ್ರೆ ಬಿಸಿಲಿರುತ್ತೆ, ಕುರ್ಚಿ ಇರಲ್ಲ’ ಎಂದರು ಇವರು. ಅಕ್ಕ ಎರಡು ದಿನ ಮಾತು ಬಿಟ್ಟು, ಮೂರನೆಯ ದಿನ ತಾವೇ ಹಲಗೆ ಕೀಳಲು ಸುತ್ತಿಗೆ ತಂದುಕೊಟ್ಟರು. ಸಾಹುಕಾರರ ಲಾರಿ ಅಲ್ಲಿ ನಿಲ್ಲತೊಡಗಿತು, ಅವರ ತಕರಾರು ಮಾತ್ರ ನಗರಸಭೆಯಲ್ಲೇ ಉಳಿದಿತ್ತು.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಹೇಳಿದ ಹೊತ್ತಿಗೆ ಸರಿಯಾಗಿ ಅಧಿಕಾರಿ ಬರುತ್ತಾರೆ. ಮಿತಭಾಷಿಯಾದ ತರುಣಿ, ಕೈಯಲ್ಲಿ ಅಳತೆಪಟ್ಟಿ. ಬಿಳಿಗೆರೆ ಅಳೆಯುತ್ತಾರೆ, ಚರಂಡಿಯ ಬಾಯಿಗೆ ಬಗ್ಗಿ ನೋಡುತ್ತಾರೆ, ಕೊಡೆ ಬಿಚ್ಚಿಸಿ ಮುಚ್ಚಿಸುತ್ತಾರೆ. ಮೂರನೆಯ ಜಾಗಕ್ಕೆ ಬರುವಾಗ ಅಲ್ಲಿ ಒಂದು ಲಾರಿಗೆ ಪೈಪು ತುಂಬುತ್ತಿದೆ.

‘ಇದೇನಿದು? ಅನುಮತಿ ಇರೋದು ಕುರ್ಚಿಗೆ, ಲಾರಿ ನಿಂತಿದೆಯಲ್ಲ?’

ಸೀಟಿಯಣ್ಣ ಒಪ್ಪಂದವನ್ನು ತಡವರಿಸುತ್ತ ವಿವರಿಸುತ್ತಾರೆ. ಅಧಿಕಾರಿ ಇಲ್ಲವೆಂಬಂತೆ ತಲೆಯಾಡಿಸುತ್ತಾರೆ. ‘ಹೊತ್ತು ಹಂಚಿಕೊಳ್ಳಿ ಅಂತ ನಿಯಮದಲ್ಲಿ ಎಲ್ಲೂ ಇಲ್ಲ.’

ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾರೆ. ಸೀಟಿಯಣ್ಣನವರ ಕಣ್ಣು ಕಂಬದ ಯಂತ್ರದ ಕಡೆ ಹೋಗಿ ಮರಳುತ್ತದೆ. ಆಗ ಮಾತು ಬರುವುದು ಯಾರೂ ನಿರೀಕ್ಷಿಸದ ದಿಕ್ಕಿನಿಂದ, ಕಬ್ಬಿಣದಂಗಡಿಯ ಮೆಟ್ಟಿಲಿನಿಂದ.

‘ಬೇಡ ಅಂತ ಇದೆಯಾ ಮೇಡಂ?’

‘ಅದೂ ಇಲ್ಲ’ ಎನ್ನುತ್ತಾರೆ ಅಧಿಕಾರಿ.

‘ಹಾಗಾದ್ರೆ ನನ್ನ ತಕರಾರು ವಾಪಸ್. ಆದ್ರೆ ಒಂದು ಮಾತು. ಗಾಡಿಗೆ ಜಾಗ ಮಾಡಿಕೊಡೋನು ಇವನೇ ಆಗಿರ್ಬೇಕು. ಬೇರೆಯವರು ನಿಂತ್ರೆ ನಾನು ಮತ್ತೆ ಬರೀತೀನಿ.’

‘ಅನುಮತಿಯಲ್ಲಿ ವ್ಯಕ್ತಿಯ ಹೆಸರು ಹಾಕೋಕೆ ಬರಲ್ಲ’ ಎಂದ ಅಧಿಕಾರಿ, ಹೆಸರಿನ ಬದಲು ‘ಈ ಬೀದಿಯ ಅನುಭವವುಳ್ಳ ಮೇಲ್ವಿಚಾರಕ’ ಎಂದು ಬರೆಯುತ್ತಾರೆ. ಮೂರನೆಯ ಜಾಗದಲ್ಲಿ ಖಾಯಂ ಹಲಗೆ ಕೂಡದು, ಹತ್ತು ಗಂಟೆಗೆ ಮುಂಚೆ ಮೇಜು ಕೂಡದು. ಅವಧಿ ಒಂದು ವರ್ಷ. ಈ ಬೀದಿಯಲ್ಲಿ ಅಂಥ ಅನುಭವವುಳ್ಳವರು ಎಷ್ಟು ಮಂದಿಯೆಂದು ಯಾರೂ ಕೇಳುವುದಿಲ್ಲ.

‘ಇನ್ಮೇಲೆ ನಿನ್ನ ಕೆಲಸದಿಂದ ಬಿಡಿಸೋಕೆ ನನ್ನಿಂದಲೂ ಆಗಲ್ಲ ಬಿಡು’ ಎಂದು ಅಕ್ಕ ನಗುತ್ತಾರೆ.

‘ನನಗೂ ರಜೆ ಹಾಕೋಕೆ ಆಗಲ್ಲ ಅಕ್ಕಾ.’

ಹತ್ತು ಹೊಡೆಯುತ್ತದೆ. ಲಾರಿ ಹೊರಟ ಜಾಗವನ್ನು ಸೀಟಿಯಣ್ಣ ಗುಡಿಸಿ, ನೀರು ಚಿಮುಕಿಸಿ, ಮೇಜು ಹಾಕುತ್ತಾರೆ. ಇಲ್ಲೀಗ ಹಲಗೆಯಿಲ್ಲ, ಮೇಜುಗಳು ರಸ್ತೆಯೊಂದಿಗೆ ವಾಲುತ್ತವೆ, ಚಕ್ಕೆ ಹೆಚ್ಚು ಬೇಕಾಗುತ್ತದೆ. ಏನಾದರೂ ಆಸೆಯಿದೆಯೇ ಎಂದು ಕೇಳಿದರೆ ಬಗ್ಗಿಕೊಂಡೇ ಉತ್ತರಿಸುತ್ತಾರೆ: ‘ಮಡಚಿ ಎತ್ತಿಡೋ ಹಾಗೆ ಒಂದು ಹಗುರದ ಹಲಗೆ ಮಾಡಿಸ್ಬೇಕು ಸಾರ್. ವಯಸ್ಸಾದವರು ಕೂರೋ ಜಾಗ ಇದು. ಕೈ ನಡುಗೋದು ಅವರದ್ದು, ಮೇಜೂ ನಡುಗಿದ್ರೆ ಹೇಗೆ?’

ಅಷ್ಟರಲ್ಲಿ ಜೇಬಿನಲ್ಲಿ ಫೋನು ಮೊಳಗುತ್ತದೆ. ಮನೆಯಾಕೆ. ಬೆಳಗಿನಿಂದ ಹೊಲಿಗೆ ಯಂತ್ರದ ಮುಂದೆ ಕೂತು ಇದೇ ಸುದ್ದಿಗಾಗಿ ಕಾದವರು.

‘ಒಂದು ವರ್ಷ ಕೊಟ್ಟಿದ್ದಾರೆ ಕಣೇ’ ಎನ್ನುತ್ತಾರೆ ಸೀಟಿಯಣ್ಣ.

ಅತ್ತಲಿಂದ ಬಂದ ಪ್ರಶ್ನೆ ಪಕ್ಕದಲ್ಲಿದ್ದವರಿಗೂ ಕೇಳಿಸುವಷ್ಟು ಸ್ಪಷ್ಟವಾಗಿದೆ. ‘ಆಮೇಲೆ?’

‘ಆಮೇಲೆ ಮತ್ತೆ ಕೇಳೋದು. ಇಡ್ತೀನಿ. ಜನ ನಿಂತಿದ್ದಾರೆ, ಕೂರಿಸ್ಬೇಕು.’