ಏಳನೇ ನಂಬರಿನ ಪಾಳಿ

ಒಂದು ಕಾಲಕ್ಕೆ ನಿಪ್ಪಾಣಿಯ ಒಂದು ಮೋಟಾರ್ ರಿವೈಂಡಿಂಗ್ ಅಂಗಡಿಯ ಫೋನು ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಮನುಷ್ಯರ ಜೊತೆ ಮಾತಾಡುತ್ತಿರಲಿಲ್ಲ. ಆ ಹೊತ್ತಿನಲ್ಲಿ ಬೇಡಕಿಹಾಳದ ಕಡೆಯ ಯಾರಾದರೂ ಬಾವಿಯ ಮೋಟಾರು ಸುಟ್ಟಿತೆಂದು ಫೋನ್ ಮಾಡಿದರೆ ಆ ಕಡೆಯಿಂದ ಕೀಂ, ಕರ್ರ್ ಎಂದು ಕಿವಿ ಕಿತ್ತುಹೋಗುವ ಸದ್ದು. ಒಬ್ಬ ರೈತ ಸಂಜೆ ಖುದ್ದು ಅಂಗಡಿಗೆ ಬಂದು, "ನಿಮ್ಮ ಫೋನ್ ಅಳಾಕತ್ತೈತ್ರಿ. ಮೊದಲ ಅದನ್ನ ರಿಪೇರಿ ಮಾಡಸ್ರಿ, ಆಮ್ಯಾಲ ನನ್ನ ಮೋಟಾರ್ ನೋಡೀರಂತ" ಅಂದಿದ್ದನಂತೆ.

ಅಳುತ್ತಿದ್ದದ್ದು ಮೋಡೆಮ್ಮು. ಅಂಗಡಿಯ ಮಾಲೀಕರು, ನಾವೆಲ್ಲ ಅಣ್ಣ ಎನ್ನುತ್ತಿದ್ದವರು, ಊಟದ ಹೊತ್ತಿಗೆ ಶಟರ್ ಅರ್ಧಕ್ಕೆ ಇಳಿಸಿ, ಫೋನಿನ ವೈರು ಕಿತ್ತು ಮೋಡೆಮ್ಮಿಗೆ ಚುಚ್ಚಿ, ಅದನ್ನು ತಮ್ಮ ಕಂಪ್ಯೂಟರಿಗೆ ಜೋಡಿಸಿ, ಉಂಡು ಚಾಪೆ ಹಾಸಿ ಮಲಗಿಬಿಡುತ್ತಿದ್ದರು. ಇಂಟರ್ನೆಟ್ ಎಂಬ ಮಾತು ಇನ್ನೂ ನಮ್ಮ ಕಡೆ ಬಂದಿರಲಿಲ್ಲ. ನಮ್ಮ ನಮ್ಮ ಕಂಪ್ಯೂಟರಿನಿಂದ ಆ ಅಂಗಡಿಯ ನಂಬರಿಗೆ ಫೋನ್ ಹಚ್ಚಿದರೆ ಅಲ್ಲಿನ ಕಂಪ್ಯೂಟರು ಎತ್ತಿಕೊಂಡು ನಮ್ಮ ಪರದೆಯ ಮೇಲೆ ಹಸಿರು ಅಕ್ಷರ ಮೂಡಿಸುತ್ತಿತ್ತು. ಬೇರೆಯವರು ಬರೆದಿಟ್ಟದ್ದು ಓದಬೇಕು, ನಮ್ಮದು ಬರೆದಿಡಬೇಕು, ಎದ್ದು ಬರಬೇಕು. ಅದಕ್ಕೆ ಬುಲೆಟಿನ್ ಬೋರ್ಡ್ ಎಂದು ದೊಡ್ಡ ಹೆಸರು. ನಮ್ಮ ಬಾಯಲ್ಲಿ ಬರೀ ಬೋರ್ಡು.

ಲೈನು ಒಂದೇ, ಆದ್ದರಿಂದ ಒಳಗೆ ಒಬ್ಬರೇ. ಯಾರಾದರೂ ಇದ್ದರೆ ಎಂಗೇಜ್ ಟೋನು. ಹೀಗೆ ಒಂದೇ ಕಟ್ಟೆಯ ಮೇಲೆ ದಿನಾ ಕೂತೂ ಅಣ್ಣನನ್ನು ಬಿಟ್ಟರೆ ಒಬ್ಬರ ಮುಖ ಒಬ್ಬರು ನೋಡದ ಒಂಬತ್ತು ಜನ ನಾವು. ಹೆಸರೂ ಇರಲಿಲ್ಲ, ಸೇರಿದ ಸರದಿಯಂತೆ ನಂಬರು. ಅಣ್ಣ ಒಂದು, ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯ ಲ್ಯಾಬಿನವರು ಎರಡು, ಅಥಣಿಯ ಬ್ಯಾಂಕಿನ ಕ್ಲಾರ್ಕ್ ಮೂರು, ಚಿಕ್ಕೋಡಿಯಲ್ಲಿ ಟೈಪಿಂಗ್ ಕ್ಲಾಸು ನಡೆಸುತ್ತಿದ್ದ ನಾನು ನಾಲ್ಕು. ಕಾಗವಾಡದ ಐದನೆಯವರು ಮರಾಠಿಯಲ್ಲೇ ಬರೆಯುತ್ತಿದ್ದರು, ನಾವು ಕನ್ನಡದಲ್ಲೇ ಉತ್ತರ ಕೊಡುತ್ತಿದ್ದೆವು. ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲಿ, ಆ ಪರದೆಗೆ ಬೇರೆ ಅಕ್ಷರ ಗೊತ್ತಿರಲಿಲ್ಲ.

ಏನು ಮಹಾ ಬರೆಯುತ್ತಿದ್ದೆವು? ರಾಯಬಾಗದ ರಸ್ತೆಯಲ್ಲಿ ಕಬ್ಬಿನ ಟ್ರಾಕ್ಟರ್ ಪಲ್ಟಿ ಹೊಡೆದದ್ದು. ಪ್ರಿಂಟರಿನ ರಿಬ್ಬನ್ನಿಗೆ ಯಾವ ಮಸಿ ನಡೆಯುತ್ತದೆ ಎಂಬುದು. ಮಗಳ ಜ್ವರ. ಒಮ್ಮೆ ಮೂರನೆಯವರು ಹಲ್ಲು ಕೀಳಿಸಿಕೊಳ್ಳಲು ಹೆದರಿಕೆ ಎಂದು ಬರೆದರೆ ಉಳಿದವರು ಸೇರಿ ವಾರವಿಡೀ ಧೈರ್ಯ ಹೇಳಿದ್ದೆವು. ಇವತ್ತು ನನ್ನ ಮೊಬೈಲಿನಲ್ಲಿ ನಲವತ್ತು ಗ್ರೂಪುಗಳಿವೆ, ಬೆಳಗಾದರೆ ಎಲ್ಲದರಲ್ಲೂ ಗುಲಾಬಿ ಹೂವಿನ ಗುಡ್ ಮಾರ್ನಿಂಗ್. ನನ್ನ ದವಡೆ ಹಲ್ಲು ಹೋಗಿ ಆರು ತಿಂಗಳಾಯಿತು, ಒಬ್ಬನೇ ಒಬ್ಬ ಪುಣ್ಯಾತ್ಮ ಕೇಳಿಲ್ಲ.

ಬೋರ್ಡಿನಲ್ಲಿ ಒಂದು ಆಟವೂ ಇತ್ತು, ಅಣ್ಣ ತಿಂಗಳುಗಟ್ಟಲೆ ಕೂತು ಬರೆದ ಪ್ರೋಗ್ರಾಮು: ಹುಲಿ-ಕುರಿ. ನಮ್ಮ ಕಡೆ ಗುಡಿಯ ಕಟ್ಟೆಯ ಮೇಲೆ, ಬಾವಿಯ ಹಾಸುಗಲ್ಲಿನ ಮೇಲೆ ಗೆರೆ ಕೊರೆದು ಆಡುವ ಅದೇ ಆಟ. ಮೂರು ಹುಲಿ, ಹದಿನೈದು ಕುರಿ. ಹುಲಿ ಕುರಿಯನ್ನು ಹಾರಿ ತಿನ್ನುತ್ತದೆ. ಕುರಿಗಳು ಒಟ್ಟಾಗಿ ಹುಲಿಗಳನ್ನು ಅಲುಗಾಡದಂತೆ ಕಟ್ಟುತ್ತವೆ. ಬೋರ್ಡಿನಲ್ಲಿ ದಿನಕ್ಕೊಂದೇ ನಡೆ. ಕಲ್ಲಿನ ಮೇಲಿನ ಪದ್ಧತಿಯನ್ನೇ ಅಣ್ಣ ಮಶೀನಿನೊಳಗೂ ಹಾಕಿದ್ದರು. ಸೋತವನು ತಾನೇ 'ಸೋತೆ' ಎಂದು ಬರೆಯಬೇಕು. ಆ ಒಂದು ಪದ ಅವನ ಕೈಯಿಂದ ಬೀಳುವವರೆಗೆ ಆಟ ಮುಗಿದಂತಲ್ಲ, ಮುಗಿಯುವವರೆಗೆ ಇಬ್ಬರಿಗೂ ಬೇರೆ ಆಟವಿಲ್ಲ.

ನಾನು ಯಾವಾಗಲೂ ಹುಲಿ. ಎಲ್ಲರನ್ನೂ ಸೋಲಿಸಿದ್ದೆ. ಅಣ್ಣನಂತೂ ಆಟ ಬರೆಯುವುದರಲ್ಲಿ ಜಾಣರು, ಆಡುವುದರಲ್ಲಿ ಪೆದ್ದರು. ಆಗ ಬಂದರು ಏಳನೆಯವರು. ಊರು ಬರೆಯಲಿಲ್ಲ, ಕಸುಬು ಬರೆಯಲಿಲ್ಲ, "ಆರಾಮ ಏನ್ರಿ" ಎಂದು ಕೇಳಿದರೂ ಉತ್ತರವಿಲ್ಲ. ಸುಮ್ಮನೆ ಕುರಿ ಹಚ್ಚುತ್ತಿದ್ದರು. ಎರಡು ಆಟ ನನ್ನ ಹುಲಿಗಳನ್ನು ಕಟ್ಟಿಹಾಕಿದರು. ಎರಡು ಸಲವೂ ಹಲ್ಲು ಕಚ್ಚಿಕೊಂಡು 'ಸೋತೆ' ಎಂದು ಬರೆದೆ.

ಮೂರನೆಯ ಆಟದಲ್ಲಿ ನನ್ನ ಕಣ್ಣು ನಡೆಯ ಪಕ್ಕ ಬರೆದಿದ್ದ ವೇಳೆಯ ಮೇಲೆ ಬಿತ್ತು. ನನ್ನ ನಡೆ ಒಂದು ನಲವತ್ತಕ್ಕೆ, ಏಳನೆಯವರದು ಒಂದು ನಲವತ್ತೆರಡಕ್ಕೆ. ಮರುದಿನ ನನ್ನದು ಎರಡು ಹತ್ತಕ್ಕೆ, ಅವರದು ಎರಡು ಹನ್ನೆರಡಕ್ಕೆ. ದಿನಾ ಹೀಗೆಯೇ. ನನಗೆ ಲೈನು ಸಿಗಬೇಕಾದರೆ ಅರ್ಧ ತಾಸು ನಂಬರು ಒತ್ತಿ ಒತ್ತಿ ಬೆರಳು ನೋಯುತ್ತಿತ್ತು. ನಾನು ಫೋನ್ ಇಟ್ಟ ಎರಡೇ ನಿಮಿಷಕ್ಕೆ, ಒಂದು ದಿನವೂ ತಪ್ಪದೆ, ಯಾವ ಮನುಷ್ಯನಿಗೆ ಲೈನು ಸಿಗುತ್ತದೆ? ಅಣ್ಣ ಆಡುತ್ತಿಲ್ಲ, ಅವರು ಗೊರಕೆ ಹೊಡೆಯುವ ಹೊತ್ತು ಅದು. ಅಂದ ಮೇಲೆ ಮಶೀನೇ ಆಡುತ್ತಿದೆ ಎಂದು ತೀರ್ಮಾನಿಸಿಬಿಟ್ಟೆ. ಅದಕ್ಕೊಂದು ನಂಬರು ಕೊಟ್ಟು ಅಣ್ಣ ನಮ್ಮನ್ನು ಆಡಿಸುತ್ತಿದ್ದಾರೆ! ನನ್ನ ಸಿಟ್ಟು ಮೂಗಿನ ತುದಿಯ ಮೇಲೆ ಇರುವಂಥದ್ದು, ಆಗಂತೂ ಪ್ರಾಯ ಬೇರೆ.

ಅದೇ ವಾರ ಒಂದು ಫ್ಲಾಪಿ ತರಲು ನಿಪ್ಪಾಣಿಗೆ ಹೋದೆ. ಅಂಗಡಿಯ ಹಿಂದೆಯೇ ಅಣ್ಣನ ಮನೆ. ಹೋದಾಗಲೆಲ್ಲ ಊಟ ಮಾಡದೆ ಬಿಡುತ್ತಿರಲಿಲ್ಲ. ಅಣ್ಣ ಮತ್ತು ನಾನು ಕೂತಿದ್ದೆವು, ಅಣ್ಣನ ಹೆಂಡತಿ, ನಮ್ಮ ವೈನಿ, ಬಿಸಿ ರೊಟ್ಟಿ, ಕಡಲೆಹಿಟ್ಟಿನ ಝುಣಕ ಬಡಿಸುತ್ತಿದ್ದರು.

"ಅಣ್ಣಾ, ಏಳು ನಂಬರ್ ಯಾರ ಅಂತ ಗೊತ್ತಾತ್ರಿ ನನಗ," ಅಂದೆ.

ಅಣ್ಣ ತುತ್ತು ಕೈಯಲ್ಲೇ ಹಿಡಿದು ವೈನಿಯ ಕಡೆ ನೋಡಿದರು. ಕಳ್ಳ ಸಿಕ್ಕಿಬಿದ್ದ ಎಂದುಕೊಂಡೆ ನಾನು.

"ಅದು ಮನಷ್ಯಾನ ಅಲ್ಲ, ಮಶೀನ್ ಐತಿ. ಜೀವ ಇದ್ದದ್ದಾದ್ರ ಒಂದ್ ದಿನರ ತಪ್ಪತಿತ್ತು. ನಮ್ಮನ್ನ ಮಂಗ್ಯಾ ಮಾಡಾಕತ್ತೀರಿ ನೀವು."

"ಮಾಸ್ತರ್ರ..." ಎಂದು ಅಣ್ಣ ಶುರು ಮಾಡಿದರು. ವೈನಿ ಬೇಡ ಎಂಬಂತೆ ತಲೆಯಾಡಿಸಿ, ತಾವೇ ಕೇಳಿದರು: "ಮನಷ್ಯಾರ ಅಲ್ಲ ಅಂತ ಹೆಂಗ ಹೇಳ್ತೀರಿ ಮಾಸ್ತರ್ರ?"

"ನಿಮಗ ತಿಳಿಯಂಗಿಲ್ಲ ಬಿಡ್ರಿ ವೈನಿ. ಕಂಪ್ಯೂಟರ್ ವಿಚಾರ ಅದು."

ಆಕೆ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದರು. ನಾನು ತಿಂದೆ.

ಮರುದಿನ ಬೋರ್ಡಿಗೆ ಹೋದಾಗ ಮೂರನೆಯ ಹುಲಿಯೂ ಕಟ್ಟಿಹೋಗಿತ್ತು. ಕೆಳಗೆ ಎಂದಿನಂತೆ 'ನಿಮ್ಮ ಪಾಳಿ' ಎಂದಿತ್ತು. ಒಂದು ಪದ ಬರೆದರೆ ಮುಗಿಯುತ್ತಿತ್ತು. ಮಶೀನಿನ ಮುಂದೆ ಸೋತೆ ಎಂದು ಬರೆಯಲು ನನಗೇನು ಹುಚ್ಚೇ ಎಂದು ಫೋನು ಕುಕ್ಕಿ ಎದ್ದೆ. ಆಮೇಲೆ ಆ ನಂಬರು ಹಚ್ಚಲೇ ಇಲ್ಲ, ಅಣ್ಣನ ಮನೆಯ ಕಡೆ ಹೋಗಲೂ ಇಲ್ಲ. ಚಿಕ್ಕೋಡಿಗೆ ಸೈಬರ್ ಕೆಫೆ ಬಂತು, ನನ್ನ ಟೈಪಿಂಗ್ ಕ್ಲಾಸು ಝೆರಾಕ್ಸ್ ಅಂಗಡಿಯಾಯಿತು. ಬೋರ್ಡು ಇನ್ನೂ ಎರಡು ವರ್ಷ ನಡೆದು ನಿಂತಿತೆಂದು ಯಾರೋ ಹೇಳಿದರು.

ಹೋದ ತಿಂಗಳು ಮೊಬೈಲಿಗೆ ಅಣ್ಣನ ಮೆಸೇಜು ಬಂತು. ಉಗಾರದ ಎರಡನೆಯವರು ನನ್ನ ನಂಬರು ಕೊಟ್ಟರಂತೆ. "ಬೋರ್ಡ್ ಮತ್ತ ಚಾಲೂ ಮಾಡೇನಿ. ಹಳೇದೆಲ್ಲಾ ಹಂಗ ಐತಿ. ಮಧ್ಯಾಹ್ನ ಒಂದರಿಂದ ನಾಕ. ಒಬ್ಬೊಬ್ಬರ ಬರ್ರಿ." ಕೆಟ್ಟುಹೋದ ಹಳೆಯ ಕಂಪ್ಯೂಟರಿನಿಂದ ಕೊಲ್ಲಾಪುರದ ರಿಪೇರಿಯವನೊಬ್ಬ ಎಲ್ಲವನ್ನೂ ತೆಗೆದುಕೊಟ್ಟಿದ್ದನಂತೆ. ಅಣ್ಣ ಅದನ್ನು ಈಗ ಇಂಟರ್ನೆಟ್ಟಿಗೆ ಏರಿಸಿದ್ದರು. ಆದರೆ ಪದ್ಧತಿ ಹಳೆಯದೇ: ಮೂರು ತಾಸು, ಒಳಗೆ ಒಬ್ಬರೇ. ಸಾವಿರ ಜನ ಒಟ್ಟಿಗೆ ನುಗ್ಗಬಹುದಾದ ಕಾಲದಲ್ಲಿ ಈ ಮಹಾನುಭಾವ ಒಂದೇ ಬಾಗಿಲು ತೆರೆದು ಕೂತಿದ್ದಾರಲ್ಲ ಎಂದು ನಕ್ಕೆ. ನಕ್ಕವನೇ ಒಂದು ಗಂಟೆಗೆ ಸರಿಯಾಗಿ ನನ್ನ ಅಂಗಡಿಯ ಕಂಪ್ಯೂಟರಿನ ಮುಂದೆ ಕೂತೆ.

'ಬೇರೆಯವರು ಒಳಗಿದ್ದಾರೆ' ಎಂದಿತು ಪರದೆ. ಹತ್ತು ನಿಮಿಷ ಬಿಟ್ಟು ಮತ್ತೆ ಅದೇ. ನನಗೆ ಸಿಟ್ಟು ಬರಲಿಲ್ಲ, ಖುಷಿಯಾಯಿತು. ಯಾರಿರಬಹುದು? ಮೂರನೆಯವರೇ, ಐದನೆಯವರೇ? ಕೊನೆಗೆ ಹಸಿರು ಅಕ್ಷರಗಳು ಮೂಡಿದವು. ಸದ್ದು ಮಾತ್ರ ಇಲ್ಲ. ತಡೆಯಲಾರದೆ ನಾನೇ ಬಾಯಲ್ಲಿ "ಕೀಂ, ಕರ್ರ್" ಅಂದೆ. ಝೆರಾಕ್ಸಿಗೆ ಬಂದಿದ್ದ ಹೆಣ್ಣುಮಗಳೊಬ್ಬಳು ತನ್ನ ಕಾಗದ ಎದೆಗವಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು.

ಎಲ್ಲವೂ ಇತ್ತು. ಪಲ್ಟಿ ಹೊಡೆದ ಟ್ರಾಕ್ಟರು, ರಿಬ್ಬನ್ನಿನ ಮಸಿ, ಮಗಳ ಜ್ವರ. ಅಥಣಿಯ ಮೂರನೆಯವರು ತೀರಿಕೊಂಡು ವರ್ಷಗಳಾದವೆಂದು ಅಣ್ಣ ಮೇಲೆಯೇ ಬರೆದಿದ್ದರು. ಅವರ ಹಲ್ಲುನೋವು ಮಾತ್ರ ಅಲ್ಲೇ ಇತ್ತು, ಕೆಳಗೆ ನಾವು ಹೇಳಿದ ಧೈರ್ಯವೂ. "ಏನ್ ಆಗಂಗಿಲ್ರಿ, ಕಣ್ಣ ಮುಚ್ಚಿ ತೆಗಿಯೂದ್ರಾಗ ಮುಗೀತೈತಿ" ಎಂದು ಬರೆದವನು ನಾನೇ. ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಆಟ ತೆರೆದೆ. ಮೂರು ಹುಲಿಗಳೂ ಹಾಗೆಯೇ ಕಟ್ಟಿಬಿದ್ದಿದ್ದವು. ನಿಮ್ಮ ಪಾಳಿ. ಪಕ್ಕದಲ್ಲಿ ಯಾರು ಎಷ್ಟು ಆಡಿದರೆಂಬ ಪಟ್ಟಿ. ಎಲ್ಲರ ಮುಂದೆ ಹತ್ತಾರು ಆಟ. ಏಳನೆಯವರ ಮುಂದೆ ಗೆದ್ದದ್ದು ಎರಡು, ನಡೆಯುತ್ತಿರುವುದು ಒಂದು. ಅದರಾಚೆ ಏನೂ ಇಲ್ಲ. ಯಾರು ಯಾವಾಗ ಬಂದರೆಂದೂ ಬೋರ್ಡು ಬರೆದಿಡುತ್ತಿತ್ತು. ಕೆಳಗೆ ಇಳಿಯುತ್ತ ಹೋದೆ. ಏಳನೆಯವರು ಬಂದು ನೋಡಿದರು, ನಡೆ ಬಂದಿಲ್ಲ. ಏಳನೆಯವರು ಬಂದು ನೋಡಿದರು, ನಡೆ ಬಂದಿಲ್ಲ. ಪುಟಗಟ್ಟಲೆ, ಬೋರ್ಡು ಮುಚ್ಚುವ ದಿನದವರೆಗೆ. ಮಶೀನಾಗಿದ್ದರೆ ಯಾಕೆ ಬಂದು ನೋಡುತ್ತಿತ್ತು? ನನ್ನ ಹಟದಿಂದ ಯಾರೋ ಒಬ್ಬರು ಎರಡು ವರ್ಷ ಒಂದು ಆಟವನ್ನೂ ಆಡದೆ ಕಾದಿದ್ದರು. ಬೋರ್ಡಿನಿಂದ ಹೊರಗೆ ಬಂದು ಅಣ್ಣನಿಗೆ ಫೋನ್ ಹಚ್ಚಿದೆ.

"ಅಣ್ಣಾ, ಏಳು ನಂಬರ್ ಯಾರ್ರಿ? ಅದಾರೋ, ಇಲ್ಲೋ?"

"ಅದಾರ. ಒಳಗ ರೊಟ್ಟಿ ಬಡ್ಯಾಕತ್ತಾರ."

ನನಗೆ ಭೂಮಿ ಬಾಯಿ ತೆರೆಯಬಾರದೇ ಅನ್ನಿಸಿತು. ಅಣ್ಣ ನಿಧಾನಕ್ಕೆ ಹೇಳಿದರು. ಬಡಿಸಿ, ಉಂಡು, ಗಂಡ ಮಲಗಿದ ಮೇಲೆ ವೈನಿ ಬಂದು ಅರ್ಧ ಇಳಿದ ಶಟರಿನ ಹಿಂದೆ ಕಂಪ್ಯೂಟರಿನ ಮುಂದೆಯೇ ಕೂರುತ್ತಿದ್ದರು. ಅವರಿಗೆ ಫೋನೂ ಬೇಕಿರಲಿಲ್ಲ, ಲೈನೂ ಬೇಕಿರಲಿಲ್ಲ. ಹೊರಗಿನವರು ಏನು ಒತ್ತಿದರೂ ಒಂದೊಂದೇ ಅಕ್ಷರವಾಗಿ ಆ ಪರದೆಯ ಮೇಲೆ ಬೀಳುತ್ತಿತ್ತು. "ನೀವು ಒಂದ್ ನಡಿ ಬರಿಯೂದು, ಅಳಸೂದು, ಮತ್ತ ಬರಿಯೂದು, ಎಲ್ಲಾ ಆಕಿಗೆ ಕಾಣತಿತ್ತು. ನೀವು ಹ್ವಾದ ಕೂಡ್ಲೆ ಆಕಿ ಕುರಿ ಹಚ್ಚಾಕಿ." ತವರು ಐಗಳಿಯಲ್ಲಿ ಬಾವಿಯ ಕಲ್ಲಿನ ಮೇಲೆ ಆಡಿ ಬೆಳೆದವರಂತೆ, ಊರಿನಲ್ಲಿ ಗಂಡಸರೂ ಆಕೆಯ ಎದುರು ಹುಲಿ ಹಿಡಿಯಲು ಹೆದರುತ್ತಿದ್ದರಂತೆ.

"ಅವತ್ತ ಯಾಕ ಹೇಳಲಿಲ್ರಿ ಅಣ್ಣಾ?"

"ಆಕೀನ ಬ್ಯಾಡ ಅಂದ್ಳು. ಬೋರ್ಡಿನ್ಯಾಗ ನಾ ಯಾರ ಹೆಂಡತಿನೂ ಅಲ್ಲ, ಏಳು ನಂಬರ್ ಅದೀನಿ, ಹಂಗ ಇರ್ಲಿ ಅಂದ್ಳು. ಆಟ ನಾನ ಮುಗಸ್ತೀನಿ ಅಂತ ನಾ ಅಂದ್ರೂ ಆಕಿ ಒಪ್ಪಲಿಲ್ಲ. ಅವ್ರ ಕೈಲೇ ಬರೀಲಿ ಅಂದ್ಳು."

ಫೋನ್ ವೈನಿಯ ಕೈಗೆ ಹೋಯಿತು. ದನಿ ಸ್ವಲ್ಪ ಒಡೆದಿತ್ತು, ಅಷ್ಟೇ.

"ಆರಾಮ ಅದೀರೇನ್ರಿ ಮಾಸ್ತರ್ರ?"

"ವೈನಿ, ನಾಳೆನ ಬರ್ತೀನ್ರಿ. ನಿಮ್ಮ ಕಾಲಿಗೆ..."

"ಊಟಕ್ಕ ಬರ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಅದು ಬ್ಯಾರೆ. ಇದನ್ನ ಬೋರ್ಡಿನ್ಯಾಗ ಮುಗಸ್ರಿ. ಇನ್ನೂ ನಾಕ ಆಗಿಲ್ಲ. ನಾ ಹೋಗಿ ಮೊದಲಿನಂಗ ಪರದೆ ಮುಂದ ಕುಂದರ್ತೀನಿ."

ಮತ್ತೆ ಒಳಗೆ ಹೋದೆ. ವೈನಿ, ಅವತ್ತು ನಿಮ್ಮ ರೊಟ್ಟಿ ತಿನ್ನುತ್ತ ನಿಮ್ಮನ್ನೇ ಮನುಷ್ಯರಲ್ಲ ಅಂದೆ ಎಂದು ಬರೆದೆ. ಓದಿದರೆ ನಾಟಕದ ಮಾತಿನಂತೆ ಕಂಡಿತು, ಅಳಿಸಿದೆ. ನಿಮಗೆ ತಿಳಿಯುವುದಿಲ್ಲ ಅಂದದ್ದು ಅದಕ್ಕಿಂತ ದೊಡ್ಡ ತಪ್ಪು ಎಂದು ಬರೆದೆ. ಅದನ್ನೂ ಅಳಿಸಿದೆ. ನನ್ನ ಸಿಟ್ಟು ಸುಡಲಿ, ಎರಡು ವರ್ಷ ಕಾಯಿಸಿದೆನಲ್ಲ ಎಂದು ಬರೆದು ಅದನ್ನೂ ಅಳಿಸಿದೆ. ಕೊನೆಗೆ ಆ ಒಂದೇ ಪದ ಬರೆದು ಕಳಿಸಿದೆ. ಸೋತೆ.

ಆಟ ಮುಗಿಯಿತು ಎಂದಿತು ಬೋರ್ಡು. ಆಕೆ ಒಳಗೆ ಬರಬೇಕಾದರೆ ನಾನು ಎದ್ದು ಹೋಗಬೇಕು. ಹೊರಗೆ ಬಂದು ಗೋಡೆಯ ಗಡಿಯಾರ ನೋಡುತ್ತ ಕೂತೆ. ಸರಿಯಾಗಿ ಎರಡು ನಿಮಿಷ ಬಿಟ್ಟು ಮತ್ತೆ ಹೋದೆ. ಇಷ್ಟು ವರ್ಷಗಳಲ್ಲಿ ಏಳನೆಯವರು ಮೊದಲ ಸಲ ನನಗೆ ನಾಲ್ಕು ಮಾತು ಬರೆದಿದ್ದರು.

"ಅಳಸಿದ್ದೂ ಓದೇನಿ ಮಾಸ್ತರ್ರ. ಸಾಕು. ಈ ಸಲ ಹುಲಿ ನಂದು, ಕುರಿ ನಿಮ್ದು. ನಿಮ್ಮ ಪಾಳಿ."