ಬೈದು ನೋಡಿ ಅರ್ಥ ಬರೆದವರು

ಮನುಷ್ಯನ ಸಣ್ಣಪುಟ್ಟ ದೋಷಗಳನ್ನು ಹೇಳುವ ಮಾತುಗಳಿಗೆ ಅರ್ಥ ಬರೆಯುವುದರಲ್ಲಿ ಶ್ರೀಮತಿ ಸಿದ್ದಲಿಂಗಮ್ಮನವರಿಗೆ ಸರಿಸಾಟಿಯಾದವರು ಮೈಸೂರಿನಲ್ಲಿ ಇಲ್ಲ. ಸರಸ್ವತಿಪುರಂನ ನಮ್ಮ ನಿಘಂಟು ಕಚೇರಿಯಲ್ಲಿ ಅವರ ಪಕ್ಕದ ಮೇಜಿನಲ್ಲೇ ವರ್ಷಗಟ್ಟಲೆ ಕುಳಿತ ನಾನು ಈ ಮಾತನ್ನು ಧೈರ್ಯವಾಗಿ ಹೇಳಬಲ್ಲೆ. ನೆಮ್ಮದಿಯಾಗಿ ಹೇಳಲಾರೆ, ಅಷ್ಟೆ.

ಕಾರಣ, ಅವರ ಕೆಲಸದ ಕ್ರಮ. ಪುಕ್ಕಲ, ಜಿಪುಣ, ಬಡಾಯಿಕೋರ ಎಂಬಂಥ ಮಾತುಗಳ ಅರ್ಥ ಯಾರಿಗೆ ಗೊತ್ತಿಲ್ಲ? ಆದರೆ ಯಾವ ಮಾತು ಎಷ್ಟು ನೋಯಿಸುತ್ತದೆಂಬುದನ್ನು ಪುಸ್ತಕ ನೋಡಿ ಬರೆಯಲಾಗದು ಎಂದು ಅವರ ವಾದ. ಹಾಗಾಗಿ ಕಾಫಿಯ ಹೊತ್ತಿನಲ್ಲಿ, ಮುನ್ಸೂಚನೆಯಿಲ್ಲದೆ, ನಮ್ಮಲ್ಲೊಬ್ಬರಿಗೆ ಆ ಮಾತನ್ನು ಅಂದು ಮುಖ ನೋಡುತ್ತಿದ್ದರು. ನಕ್ಕರೆ ಸಲಿಗೆಯ ಮಾತು. ಲೋಟ ಕೆಳಗಿಟ್ಟರೆ ನೋಯಿಸುವ ಮಾತು.

"ಏನ್ರೀ ಜೋಸೆಫ್‌ರಾಜ್, ನೀವು ಭಾರೀ ಪುಕ್ಕಲ್ರು ಕಣ್ರೀ," ಎಂದರು ಒಮ್ಮೆ, ಕರಡು ತಿದ್ದುವ ನಮ್ಮ ಗೆಳೆಯರಿಗೆ.

"ಇದು ನಿಘಂಟಿಗಾ ಮೇಡಂ, ನನಗಾ?"

"ಮುಖ ಅಂಗೇ ಇಟ್ಕೊಳ್ರೀ, ಆಮೇಲೆ ಹೇಳ್ತೀನಿ."

ಆಮೇಲೆ ಹೇಳಲೇ ಇಲ್ಲ. ಹೀಗಾಗಿ ಅವರ ಒಳ್ಳೆಯತನವನ್ನೂ ನಾವು ಗುಮಾನಿಯಿಂದಲೇ ನೋಡುತ್ತಿದ್ದೆವು. ನನ್ನ ಹೆಂಡತಿ ಕಮಲ ಆಸ್ಪತ್ರೆಯಲ್ಲಿದ್ದಾಗ ವಿದ್ಯಾರಣ್ಯಪುರಂನಿಂದ ದಿನವೂ ಬಸ್ಸಿನಲ್ಲಿ ಬಿಸಿ ಸಾರು ತಂದುಕೊಟ್ಟ ಮಹಾತಾಯಿ ಅವರು. ನಾನು ಕೈಮುಗಿಯುತ್ತಲೇ, ಇದು ಯಾವ ಪದದ ಪರೀಕ್ಷೆಯಿರಬಹುದೆಂದು ಅವರ ಕಣ್ಣಲ್ಲಿ ಹುಡುಕುತ್ತಿದ್ದೆ.

ಆ ಕ್ರಮ ಒಮ್ಮೆ ಒಬ್ಬಳ ಅನ್ನಕ್ಕೇ ಸಂಚಕಾರ ತಂತು. ಮೇಟಗಳ್ಳಿಯಿಂದ ಬರುತ್ತಿದ್ದ ಮಂಜುಶ್ರೀ ತಾತ್ಕಾಲಿಕ ಸಹಾಯಕಿ; ಅವಳ ಸಂಬಳದಿಂದಲೇ ಆ ಮನೆ ನಡೆಯಬೇಕು. ನೇಮಕವನ್ನು ಮುಂದುವರಿಸುವ ಕಾಲ ಹತ್ತಿರ ಬಂದಿತ್ತು. "ನೀನು ಶುದ್ಧ ಮೈಗಳ್ಳಿ ಕಣಮ್ಮ," ಎಂದು ಇವರು ಅಂದರು, ಹುಡುಗಿ ಪಕ್ಕನೆ ನಕ್ಕಳು. ಆಗಷ್ಟೇ ಬಂದಿದ್ದ ಹೊಸ ನಿರ್ದೇಶಕ ಯೋಗೇಂದ್ರ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಮಾರನೆಯ ದಿನ, ಮಂಜುಶ್ರೀಯ ಅಗತ್ಯವಿಲ್ಲವೆಂಬ ಸುದ್ದಿ ಬಂತು.

ಸಿದ್ದಲಿಂಗಮ್ಮನವರು ನಿರ್ದೇಶಕರ ಕೋಣೆಗೆ ನುಗ್ಗಿದರು. ನಾನೂ ಹಿಂದೆಯೇ ಹೋದೆ.

"ಅದು ಪದದ ಪರೀಕ್ಷೆ ಸಾರ್. ಆ ಮಗು ಎತ್ತಿನ ಹಾಗೆ ದುಡೀತಾಳೆ."

"ಹುಡುಗೀನ ಉಳಿಸೋಕೆ ಈಗ ಹಿಂಗಂತೀರಿ. ನಿನ್ನೆ ಮಾತು ನಂಬ್ಲಾ, ಇವತ್ತಿನದಾ?"

ಸಿದ್ದಲಿಂಗಮ್ಮನವರು ಹೊರಬಂದರು. ಸಂಜೆ ಕಾಫಿಗೆ ನಿರ್ದೇಶಕರನ್ನೂ ಕರೆದು, ಲೋಟ ಕೈಗಿತ್ತು, ಎಲ್ಲರೆದುರು ಅಂದರು: "ನಿಮ್ದು ಹಿತ್ತಾಳೆ ಕಿವಿ ಸಾರ್."

ಯೋಗೇಂದ್ರರು ಲೋಟವನ್ನು ಮೇಜಿನ ಮೇಲೆ ಕುಕ್ಕಿದರು. "ಇದು ನಿಘಂಟಿಗೋ, ನನಗೋ?"

"ನಿಘಂಟಿಗೆ ಅಂತ ನಂಬಿದ್ರೆ, ಮಂಜುಶ್ರೀಗೆ ಅಂದಿದ್ದೂ ನಿಘಂಟಿಗೇ. ಇಲ್ಲಾ, ನಿಮಗೇ ಅಂದೆ ಅಂತೀರೋ, ಬಾಗಿಲಲ್ಲಿ ಕೇಳಿದ ಒಂದು ಮಾತಿಗೆ ಒಬ್ಬಳ ಕೆಲಸ ತೆಗೆದೋರಿಗೆ ಇನ್ನೇನನ್ನಲಿ? ಯಾವುದು ಬೇಕೋ ಇಟ್ಕೊಳಿ, ಬುಡಿ."

ಅವರ ನಿಘಂಟನ್ನೇ ನಿಲ್ಲಿಸುವ ಅಧಿಕಾರ ಆ ಮನುಷ್ಯನಿಗಿತ್ತು. ಯೋಗೇಂದ್ರರು ಕುಕ್ಕಿದ ಲೋಟವನ್ನೇ ಮತ್ತೆ ಎತ್ತಿ ಕಾಫಿ ಮುಗಿಸಿ, "ನಿಘಂಟಿಗೇ ಅಂತ ಇಟ್ಕೋತೀನಿ," ಎಂದು ಎದ್ದುಹೋದರು. ಮಂಜುಶ್ರೀ ಉಳಿದಳು.

ಅಂದಿನಿಂದ ಸಿದ್ದಲಿಂಗಮ್ಮನವರು ಒಂದು ನಿಯಮ ಮಾಡಿಕೊಂಡರು: ಕೆಲಸ ಕಾಯಂ ಆಗದವರಿಗೆ ತಮಾಷೆಗೂ ಒಂದು ಮಾತು ಅನ್ನಕೂಡದು. ನಮ್ಮನ್ನೆಲ್ಲ ಮೊಂಡ, ಚಾಡಿಕೋರ, ಹೊಟ್ಟೆಬಾಕ ಎನ್ನುತ್ತ ಮಂಜುಶ್ರೀಯ ಮುಂದೆ ಬಂದೊಡನೆ ಬಾಯಿ ಮುಚ್ಚುತ್ತಿದ್ದರು. ಆ ಹುಡುಗಿ ವರ್ಷಗಟ್ಟಲೆ, ಎಲ್ಲರೂ ಬೈಸಿಕೊಳ್ಳುವುದನ್ನು ಆಸೆಯಿಂದ ನೋಡಿದಳು.

ಅವರ ನಿವೃತ್ತಿಯ ತಿಂಗಳಲ್ಲಿ ಮಂಜುಶ್ರೀಗೆ ಕಾಯಂ ಆದೇಶ ಬಂತು. ಅಂದು ಅವಳೆದುರು ನಿಂತು, "ಏನಮ್ಮಾ ಅಳುಬುರುಕಿ," ಎಂದರು. ಮಾತು ಮೊದಲು ಬಂತೋ ಅವಳ ಕಣ್ಣೀರು ಮೊದಲು ಬಂತೋ, ನನಗೆ ತಿಳಿಯಲಿಲ್ಲ.

ಈ ವಿದುಷಿ ದೀರ್ಘಾಯುಷಿಯಾಗಿ, ಆರೋಗ್ಯವಂತರಾಗಿ, ಉಳಿದ ಸಂಪುಟಗಳನ್ನೂ ತಮ್ಮ ಕೈಯಿಂದಲೇ ಮುಗಿಸಲಿ. ಇನ್ನು ಮನೆಯಲ್ಲೇ ಕುಳಿತು ಬರೆಯುತ್ತಾರಂತೆ. ಭಾನುವಾರ ತಿಂಡಿಗೆ ಬರಬೇಕೆಂದು ನಮ್ಮೆಲ್ಲರಿಗೂ ಬಹಳ ವಿಶ್ವಾಸದಿಂದ ಹೇಳಿ ಕಳಿಸಿದ್ದಾರೆ. ಏತಕ್ಕೆಂದು ನನಗೆ ಚೆನ್ನಾಗಿ ಗೊತ್ತು. ಹೋಗುತ್ತೇನೆ.